ಆವರ್ತನ ಜಿಗಿತದ ನಿಸ್ತಂತು ಜಾಲಗಳಲ್ಲಿ ಅಡಚಣೆಯ ಮಾಪನ

ಆವರ್ತನ ಜಿಗಿತದ ನಿಸ್ತಂತು ಜಾಲಗಳಲ್ಲಿ ಅಡಚಣೆಯ ಮಾಪನ ಎಂದರೆ, ಒಂದೇ ಆವರ್ತನ ಪಟ್ಟಿಯನ್ನು ಹಂಚಿಕೊಂಡು ಕ್ಷಣಕ್ಷಣಕ್ಕೂ ಚಾನೆಲ್ ಬದಲಿಸುತ್ತ ಸಂವಹನ ನಡೆಸುವ ಸಾಧನಗಳು ಒಂದರ ಸಂಕೇತವನ್ನು ಮತ್ತೊಂದು ಎಷ್ಟರಮಟ್ಟಿಗೆ ಕೆಡಿಸುತ್ತವೆ ಎಂಬುದನ್ನು ಅಳೆಯುವ ತಾಂತ್ರಿಕ ಕ್ರಮ. ಬ್ಲೂಟೂತ್ ಇಂತಹ ಜಾಲಗಳಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವಂಥದ್ದು. ಕಿವಿಯೋಲೆಯಷ್ಟು ಚಿಕ್ಕ ಇಯರ್‌ಫೋನ್‌ನಿಂದ ಹಿಡಿದು ರಕ್ತದ ಸಕ್ಕರೆ ಅಳೆಯುವ ಸಂವೇದಕದವರೆಗೆ ವರ್ಷಕ್ಕೆ ನೂರಾರು ಕೋಟಿ ಬ್ಲೂಟೂತ್ ಸಾಧನಗಳು ಮಾರುಕಟ್ಟೆಗೆ ಬರುತ್ತಿವೆ. ಇವೆಲ್ಲವೂ ವೈ-ಫೈ ಹಾಗೂ ಮೈಕ್ರೋವೇವ್ ಒಲೆಗಳೊಂದಿಗೆ 2.4 ಗಿಗಾಹರ್ಟ್ಜ್ ಪಟ್ಟಿಯನ್ನು ಹಂಚಿಕೊಳ್ಳುತ್ತವೆ.

ಜಿಗಿತದ ತಂತ್ರವು ಅಡಚಣೆಯನ್ನು ಇಲ್ಲವಾಗಿಸುವುದಿಲ್ಲ. ಅದನ್ನು ಕಾಲ ಮತ್ತು ಆವರ್ತನಗಳ ಮೇಲೆ ತೆಳುವಾಗಿ ಹರಡುತ್ತದೆ. ಆದ್ದರಿಂದ ನಷ್ಟದ ಸರಾಸರಿ ಪ್ರಮಾಣವೊಂದನ್ನೇ ಅಳೆದರೆ ಸಂಪರ್ಕವು ಸುಸ್ಥಿತಿಯಲ್ಲಿರುವಂತೆ ತೋರಬಹುದು, ಆದರೆ ಅಪರೂಪಕ್ಕೊಮ್ಮೆ ಅದು ಸಂಪೂರ್ಣವಾಗಿ ಕಡಿದುಹೋಗಬಹುದು. ವೈದ್ಯಕೀಯ ಸಾಧನಗಳ ಸುರಕ್ಷತೆ ಮತ್ತು 6 ಗಿಗಾಹರ್ಟ್ಜ್ ಪಟ್ಟಿಯ ಹಂಚಿಕೆಯ ಕುರಿತ ಇತ್ತೀಚಿನ ಚರ್ಚೆಗಳಲ್ಲಿ ಈ ವ್ಯತ್ಯಾಸಕ್ಕೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಆವರ್ತನ ಜಿಗಿತದ ಮೂಲ ಉದ್ದೇಶ ಸೈನಿಕವಾದದ್ದು. ನಟಿ ಹೆಡಿ ಲಮಾರ್ ಮತ್ತು ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ ಅವರು ರೇಡಿಯೊ ನಿಯಂತ್ರಿತ ಟಾರ್ಪೆಡೊಗಳಿಗೆ ಶತ್ರುಗಳು ಅಡ್ಡಿಪಡಿಸದಂತೆ ತಡೆಯಲು ರೂಪಿಸಿದ ಇಂತಹ ಒಂದು ವ್ಯವಸ್ಥೆಗೆ 1942ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಪಿಯಾನೊದ ಕೀಲಿಗಳ ಸಂಖ್ಯೆಯಂತೆಯೇ ಅದರಲ್ಲಿ 88 ಆವರ್ತನಗಳ ಪ್ರಸ್ತಾಪವಿತ್ತು. ಪ್ರೇಷಕ ಮತ್ತು ಗ್ರಾಹಕ ಯಂತ್ರಗಳೆರಡೂ ಒಂದೇ ಗುಪ್ತ ಕ್ರಮದಲ್ಲಿ ಆವರ್ತನ ಬದಲಿಸಿದರೆ, ಕ್ರಮವನ್ನು ತಿಳಿಯದ ಮೂರನೆಯವರು ಅದನ್ನು ಹಿಂಬಾಲಿಸಲಾರರು ಎಂಬುದು ಇದರ ತತ್ತ್ವ.

ನಾಗರಿಕ ಬಳಕೆಗೆ ದಾರಿ ತೆರೆದುದು 1985ರಲ್ಲಿ. ಆ ವರ್ಷ ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2.4 ಗಿಗಾಹರ್ಟ್ಜ್ ಸೇರಿದಂತೆ ಮೂರು ಪಟ್ಟಿಗಳಲ್ಲಿ ಹರಡಿದ ವರ್ಣಪಟಲದ ತಂತ್ರಗಳನ್ನು ಪರವಾನಗಿಯಿಲ್ಲದೆ ಬಳಸಲು ಅನುಮತಿ ನೀಡಿತು. 1998ರಲ್ಲಿ ಎರಿಕ್ಸನ್, ಐಬಿಎಂ, ಇಂಟೆಲ್, ನೋಕಿಯಾ ಮತ್ತು ತೋಷಿಬಾ ಸಂಸ್ಥೆಗಳು ಸೇರಿ ಬ್ಲೂಟೂತ್ ಒಕ್ಕೂಟವನ್ನು ಸ್ಥಾಪಿಸಿದವು. ಭಾರತದಲ್ಲಿ 2005ರ ಜನವರಿಯಲ್ಲಿ ಪ್ರಕಟವಾದ ನಿಯಮಗಳು 2400ರಿಂದ 2483.5 ಮೆಗಾಹರ್ಟ್ಜ್‌ವರೆಗಿನ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿಯಿಂದ ವಿನಾಯಿತಿ ನೀಡಿದವು.

ಪರವಾನಗಿ ಬೇಕಿಲ್ಲದ ಪಟ್ಟಿಗೆ ಒಂದು ಕಾನೂನಾತ್ಮಕ ಲಕ್ಷಣವಿದೆ. ಅಲ್ಲಿನ ಸಾಧನವು ಪರವಾನಗಿ ಪಡೆದ ಬಳಕೆದಾರರಿಗೆ ತೊಂದರೆ ಕೊಡುವಂತಿಲ್ಲ. ತನಗೆ ಬೇರೆಯವರಿಂದ ತೊಂದರೆಯಾದರೆ ರಕ್ಷಣೆಯನ್ನು ಕೇಳುವಂತೆಯೂ ಇಲ್ಲ. ಹೀಗಾಗಿ ಅಡಚಣೆಯನ್ನು ಮುಂಚಿತವಾಗಿ ಅಳೆದು ತಾಳಿಕೊಳ್ಳುವ ಹೊಣೆ ಸಾಧನವನ್ನು ರೂಪಿಸುವವರ ಮೇಲೆಯೇ ಬೀಳುತ್ತದೆ.

ಜಿಗಿತದ ಕಾರ್ಯವಿಧಾನ

ಮೂಲ ಬ್ಲೂಟೂತ್ ವ್ಯವಸ್ಥೆಯಲ್ಲಿ 2402ರಿಂದ 2480 ಮೆಗಾಹರ್ಟ್ಜ್‌ವರೆಗೆ ತಲಾ 1 ಮೆಗಾಹರ್ಟ್ಜ್ ಅಂತರದ 79 ಚಾನೆಲ್‌ಗಳಿವೆ. ಕಾಲವನ್ನು 625 ಮೈಕ್ರೊಸೆಕೆಂಡುಗಳ ತುಣುಕುಗಳನ್ನಾಗಿ ವಿಭಾಗಿಸಲಾಗಿದ್ದು, ಸಾಧನವು ಸೆಕೆಂಡಿಗೆ 1600 ಬಾರಿಯವರೆಗೆ ಚಾನೆಲ್ ಬದಲಿಸಬಲ್ಲದು. ಒಂದೇ ಜಿಗಿತದ ಕ್ರಮವನ್ನು ಅನುಸರಿಸುವ ಸಾಧನಗಳ ಗುಂಪನ್ನು ಪಿಕೋನೆಟ್ ಎಂದು ಕರೆಯಲಾಗುತ್ತದೆ. ಒಂದು ಪಿಕೋನೆಟ್‌ನ ಒಳಗಿನ ಸಾಧನಗಳು ಸರದಿಯಂತೆ ಮಾತನಾಡುವುದರಿಂದ ಅವುಗಳ ನಡುವೆ ಡಿಕ್ಕಿ ಸಂಭವಿಸುವುದಿಲ್ಲ. ಆದರೆ ಅಕ್ಕಪಕ್ಕದ ಎರಡು ಪಿಕೋನೆಟ್‌ಗಳ ನಡುವೆ ಯಾವುದೇ ಹೊಂದಾಣಿಕೆ ಇರುವುದಿಲ್ಲ. ಅವು ಆಕಸ್ಮಿಕವಾಗಿ ಒಂದೇ ಕ್ಷಣದಲ್ಲಿ ಒಂದೇ ಚಾನೆಲ್ಲಿಗೆ ಬಂದರೆ ಪ್ಯಾಕೆಟ್‌ಗಳು ಕೆಡಬಹುದು.

ಕಡಿಮೆ ಶಕ್ತಿಯ ಬ್ಲೂಟೂತ್‌ನಲ್ಲಿ ತಲಾ 2 ಮೆಗಾಹರ್ಟ್ಜ್ ಅಂತರದ 40 ಚಾನೆಲ್‌ಗಳಿವೆ. ಇವುಗಳಲ್ಲಿ 37 ದತ್ತಾಂಶಕ್ಕೂ 3 ಸಾಧನದ ಇರವನ್ನು ಸಾರುವ ಪ್ರಕಟಣೆಗೂ ಮೀಸಲಾಗಿವೆ. ಪ್ರಕಟಣೆಯ ಮೂರು ಚಾನೆಲ್‌ಗಳನ್ನು 2402, 2426 ಮತ್ತು 2480 ಮೆಗಾಹರ್ಟ್ಜ್‌ಗಳಲ್ಲಿ ಇರಿಸಲಾಗಿದೆ. ವೈ-ಫೈ ಸಾಮಾನ್ಯವಾಗಿ ಬಳಸುವ 1, 6 ಮತ್ತು 11ನೇ ಚಾನೆಲ್‌ಗಳ ನಡುವಿನ ಹಾಗೂ ಅಂಚಿನ ತೆರಪುಗಳು ಇವೇ ಆಗಿವೆ.

ಡಿಕ್ಕಿಯ ಸಂಭವನೀಯತೆ

ಮೂಲ ಬ್ಲೂಟೂತ್‌ನ ಎರಡು ಪಿಕೋನೆಟ್‌ಗಳು ಸತತವಾಗಿ ಪ್ರಸಾರ ಮಾಡುತ್ತಿವೆ ಎಂದುಕೊಂಡರೆ, ಅವುಗಳ ಕಾಲದ ತುಣುಕುಗಳು ಒಂದಕ್ಕೊಂದು ಹೊಂದಿಕೊಂಡಿರದ ಕಾರಣ ಒಂದರ ಪ್ಯಾಕೆಟ್ ಮತ್ತೊಂದರ ಎರಡು ತುಣುಕುಗಳ ಮೇಲೆ ಚಾಚಿಕೊಳ್ಳಬಹುದು. ಆಗ ಪ್ಯಾಕೆಟ್ ಡಿಕ್ಕಿಯಿಲ್ಲದೆ ತಲುಪುವ ಸಂಭವನೀಯತೆ 78/79ರ ವರ್ಗದಷ್ಟಿರುತ್ತದೆ. ಅಂದರೆ ಡಿಕ್ಕಿಯ ಪ್ರಮಾಣ ಸುಮಾರು ಶೇ. 2.5. ಇದೇ ಲೆಕ್ಕದಂತೆ 10 ಪಿಕೋನೆಟ್‌ಗಳಿದ್ದಾಗ ಪ್ರಮಾಣವು ಸುಮಾರು ಶೇ. 20ಕ್ಕೂ, 20 ಇದ್ದಾಗ ಶೇ. 38ಕ್ಕೂ, 50 ಇದ್ದಾಗ ಶೇ. 71ಕ್ಕೂ ಏರುತ್ತದೆ. ಒಂದು ತುಣುಕಿನ ಪ್ಯಾಕೆಟ್ ವಾಸ್ತವದಲ್ಲಿ 625ರಲ್ಲಿ ಹೆಚ್ಚೆಂದರೆ 366 ಮೈಕ್ರೊಸೆಕೆಂಡುಗಳನ್ನು ಮಾತ್ರ ಬಳಸುವುದರಿಂದ ಮತ್ತು ಸಾಧನಗಳು ಸದಾ ಪ್ರಸಾರ ಮಾಡದಿರುವುದರಿಂದ ಈ ಅಂಕಿಗಳನ್ನು ಗರಿಷ್ಠ ಮಿತಿಯೆಂದು ಪರಿಗಣಿಸಬೇಕು.

ಡಿಕ್ಕಿಯೆಲ್ಲವೂ ನಷ್ಟವಲ್ಲ. ಮೂಲ ಬ್ಲೂಟೂತ್‌ನ ನಿರ್ದಿಷ್ಟತೆಯ ಪ್ರಕಾರ, ಅದೇ ಚಾನೆಲ್ಲಿನಲ್ಲಿ ಅಡ್ಡಬಂದ ಮತ್ತೊಂದು ಸಂಕೇತಕ್ಕಿಂತ ತನ್ನ ಸಂಕೇತವು 11 ಡೆಸಿಬೆಲ್ ಪ್ರಬಲವಾಗಿದ್ದರೆ ರಿಸೀವರ್ ಅದನ್ನು ಸರಿಯಾಗಿ ಗ್ರಹಿಸಬೇಕು. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗ ಸಂಕೇತವು 6 ಡೆಸಿಬೆಲ್ ಕುಗ್ಗುತ್ತದೆ. ಆದ್ದರಿಂದ ಎರಡೂ ಪ್ರೇಷಕಗಳ ಶಕ್ತಿ ಸಮವಾಗಿದ್ದಲ್ಲಿ, 1 ಮೀಟರ್ ದೂರದ ಫೋನಿನಿಂದ ಹಾಡು ಪಡೆಯುತ್ತಿರುವ ಹೆಡ್‌ಸೆಟ್‌ಗೆ ಸುಮಾರು 3.5 ಮೀಟರ್ ಆಚೆಗಿನ ಅಪರಿಚಿತ ಸಾಧನದಿಂದ ಹಾನಿಯಾಗಬಾರದು. ಕಿಕ್ಕಿರಿದ ರೈಲಿನ ಬೋಗಿಯಲ್ಲಿ ಈ ಅಂತರ ದೊರೆಯುವುದಿಲ್ಲ. ಮಾನವ ದೇಹವೂ 2.4 ಗಿಗಾಹರ್ಟ್ಜ್ ಸಂಕೇತವನ್ನು ಗಣನೀಯವಾಗಿ ಹೀರಿಕೊಳ್ಳುವುದರಿಂದ, ಜೇಬಿನಲ್ಲಿರುವ ಸ್ವಂತ ಫೋನಿಗಿಂತ ಎದುರಿನವರ ಕೈಯಲ್ಲಿರುವ ಫೋನಿನ ಸಂಕೇತವೇ ಹೆಚ್ಚು ಪ್ರಬಲವಾಗಿ ತಲುಪುವ ಸಾಧ್ಯತೆ ಇರುತ್ತದೆ.

ಅಳತೆಯ ಮಾನಗಳು

ಅಡಚಣೆಯನ್ನು ವಿವರಿಸಲು ಮುಖ್ಯವಾಗಿ ಈ ಮಾನಗಳನ್ನು ಬಳಸಲಾಗುತ್ತದೆ.

ಸಂಕೇತ–ಅಡಚಣೆ ಅನುಪಾತ: ಬೇಕಾದ ಸಂಕೇತದ ಶಕ್ತಿಗೂ ಬೇಡದ ಸಂಕೇತದ ಶಕ್ತಿಗೂ ಇರುವ ಅನುಪಾತ. ಮೂಲ ಬ್ಲೂಟೂತ್‌ನಲ್ಲಿ ಒಂದೇ ಚಾನೆಲ್ಲಿಗೆ 11 ಡೆಸಿಬೆಲ್ ಬೇಕಾದರೆ, ಪಕ್ಕದ ಚಾನೆಲ್ಲಿನ ವಿರುದ್ಧ ಸಮಬಲ ಸಾಕು. 3 ಮೆಗಾಹರ್ಟ್ಜ್ ಅಥವಾ ಅದಕ್ಕಿಂತ ದೂರದ ಚಾನೆಲ್ಲಿನಲ್ಲಾದರೆ 10,000 ಪಟ್ಟು ಪ್ರಬಲವಾದ ಸಂಕೇತವನ್ನೂ ಸಹಿಸಬೇಕು. ಕಡಿಮೆ ಶಕ್ತಿಯ ಬ್ಲೂಟೂತ್‌ನಲ್ಲಿ ಒಂದೇ ಚಾನೆಲ್ಲಿನ ಮಿತಿ 21 ಡೆಸಿಬೆಲ್.

ಬಿಟ್ ದೋಷ ಪ್ರಮಾಣ ಮತ್ತು ಪ್ಯಾಕೆಟ್ ದೋಷ ಪ್ರಮಾಣ: ಬ್ಲೂಟೂತ್ ರಿಸೀವರ್‌ನ ಸಂವೇದನೆಯನ್ನು ಶೇ. 0.1ರ ಬಿಟ್ ದೋಷದಲ್ಲಿ ನಿರ್ಧರಿಸಲಾಗುತ್ತದೆ. ಕಡಿಮೆ ಶಕ್ತಿಯ ಬ್ಲೂಟೂತ್‌ನ ಪರೀಕ್ಷೆಯಲ್ಲಿ ಇದು ಶೇ. 30.8ರ ಪ್ಯಾಕೆಟ್ ದೋಷಕ್ಕೆ ಸಮನಾಗಿದೆ. ಸಾವಿರಕ್ಕೊಂದು ಬಿಟ್ ಕೆಟ್ಟರೂ ಮೂರರಲ್ಲಿ ಸುಮಾರು ಒಂದು ಪ್ಯಾಕೆಟ್ ವ್ಯರ್ಥವಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಗ್ರಹಿಸಿದ ಸಂಕೇತದ ಬಲ: ಬಹುತೇಕ ಎಲ್ಲ ಚಿಪ್‌ಗಳೂ ಇದನ್ನು ತಾವೇ ವರದಿ ಮಾಡುತ್ತವೆ. ಬಲ ಹೆಚ್ಚಿದ್ದೂ ಪ್ಯಾಕೆಟ್ ಕೆಡುತ್ತಿದ್ದರೆ ಕಾರಣ ಅಡಚಣೆ. ಬಲವೇ ಕಡಿಮೆಯಿದ್ದರೆ ಕಾರಣ ದೂರ ಅಥವಾ ಮರೆ. ಎರಡನ್ನೂ ಒಟ್ಟಿಗೆ ದಾಖಲಿಸದ ಮಾಪನದಿಂದ ಈ ಭೇದವನ್ನು ತಿಳಿಯಲಾಗದು.

ನಷ್ಟದ ಸರಣಿಯ ಉದ್ದ: ಸತತವಾಗಿ ಎಷ್ಟು ಪ್ಯಾಕೆಟ್‌ಗಳು ಕೆಟ್ಟವು ಎಂಬುದರ ಎಣಿಕೆ. ಅಲ್ಲೊಂದು ಇಲ್ಲೊಂದು ಕೆಟ್ಟ ಪ್ಯಾಕೆಟ್ಟನ್ನು ಮರುಪ್ರಸಾರ ಸರಿಪಡಿಸುತ್ತದೆ. ಒಂದರ ಹಿಂದೊಂದು ಕೆಟ್ಟ ನೂರು ಪ್ಯಾಕೆಟ್‌ಗಳು ಧ್ವನಿಯನ್ನು ತುಂಡರಿಸುತ್ತವೆ ಅಥವಾ ಸಂಪರ್ಕವನ್ನೇ ಕಡಿಯುತ್ತವೆ.

ಸರಾಸರಿ ಮತ್ತು ಅಪರೂಪದ ವೈಫಲ್ಯ

ಕಡಿಮೆ ಶಕ್ತಿಯ ಬ್ಲೂಟೂತ್‌ನ ಮೊದಲ ಚಾನೆಲ್ ಆಯ್ಕೆಯ ವಿಧಾನವು ಸರಾಸರಿಯ ಮಿತಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಇದರಲ್ಲಿ ಪ್ರತಿಯೊಂದು ಸಂಪರ್ಕಕ್ಕೂ 5ರಿಂದ 16ರವರೆಗಿನ ಒಂದು ಹೆಜ್ಜೆಯ ಸಂಖ್ಯೆಯನ್ನು ನೀಡಲಾಗುತ್ತದೆ. ಪ್ರತಿ ಬಾರಿ ಸಾಧನವು ಅಷ್ಟು ಚಾನೆಲ್ ಮುಂದೆ ಜಿಗಿಯುತ್ತದೆ; 37 ಮುಗಿದೊಡನೆ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. 37 ಅವಿಭಾಜ್ಯ ಸಂಖ್ಯೆಯಾದ್ದರಿಂದ, ಬೇರೆ ಬೇರೆ ಹೆಜ್ಜೆಯ ಎರಡು ಸಂಪರ್ಕಗಳು ಪ್ರತಿ 37 ಜಿಗಿತಗಳಲ್ಲಿ ಒಮ್ಮೆ ಮಾತ್ರ ಒಂದೇ ಚಾನೆಲ್ಲಿನಲ್ಲಿ ಭೇಟಿಯಾಗುತ್ತವೆ. ಎರಡರ ಹೆಜ್ಜೆಯೂ ಒಂದೇ ಆಗಿದ್ದರೆ ಅವು ಎಂದೂ ಭೇಟಿಯಾಗುವುದಿಲ್ಲ, ಇಲ್ಲವೇ ಪ್ರತಿ ಜಿಗಿತದಲ್ಲಿಯೂ ಭೇಟಿಯಾಗುತ್ತವೆ. ಎರಡೂ ಸಂದರ್ಭಗಳನ್ನು ಸೇರಿಸಿ ಸರಾಸರಿ ತೆಗೆದರೆ ಉತ್ತರ ಒಂದೇ: 37ರಲ್ಲಿ 1. ಪರಿಣಾಮ ಮಾತ್ರ ಸಂಪೂರ್ಣ ಭಿನ್ನ.

ಒಂದು ಲೆಕ್ಕದಿಂದ ಇದನ್ನು ವಿವರಿಸಬಹುದು. ಎರಡೂ ಸಂಪರ್ಕಗಳು 7.5 ಮಿಲಿಸೆಕೆಂಡಿಗೊಮ್ಮೆ 300 ಮೈಕ್ರೊಸೆಕೆಂಡ್ ಪ್ರಸಾರ ಮಾಡುತ್ತವೆ, ಅವುಗಳ ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದೆ, ಎಲ್ಲ 37 ಚಾನೆಲ್‌ಗಳೂ ಬಳಕೆಯಲ್ಲಿವೆ ಎಂದಿಟ್ಟುಕೊಳ್ಳಬಹುದು. ಆಗ ಒಂದರ ಪ್ರಸಾರ ಮತ್ತೊಂದರ ಮೇಲೆ ಸೆಕೆಂಡಿಗೆ 20 ಮೈಕ್ರೊಸೆಕೆಂಡಿನಂತೆ ಜಾರುತ್ತದೆ. ಪ್ರತಿ 375 ಸೆಕೆಂಡಿಗೊಮ್ಮೆ ಎರಡೂ ಪ್ರಸಾರಗಳು ಕಾಲದಲ್ಲಿ ಒಂದರ ಮೇಲೊಂದು ಬಂದು, ಸುಮಾರು 30 ಸೆಕೆಂಡು ಹಾಗೆಯೇ ಉಳಿಯುತ್ತವೆ. ಹೆಜ್ಜೆಗಳು ಬೇರೆಯಾಗಿದ್ದರೆ ಆ 30 ಸೆಕೆಂಡುಗಳಲ್ಲಿ 37ಕ್ಕೆ ಒಂದು ಪ್ರಸಾರ ಕೆಡುತ್ತದೆ. ಬಳಕೆದಾರರಿಗೆ ಅದು ಗಮನಕ್ಕೂ ಬಾರದು. ಹೆಜ್ಜೆ ಒಂದೇ ಆಗಿದ್ದರೆ ಇಂತಹ 37 ಭೇಟಿಗಳಲ್ಲಿ 36 ನಿರಪಾಯಕಾರಿಯಾಗಿ ಕಳೆದು, ಒಂದರಲ್ಲಿ 30 ಸೆಕೆಂಡುಗಳ ಎಲ್ಲ 4000 ಅವಕಾಶಗಳಲ್ಲೂ ಡಿಕ್ಕಿ ಸಂಭವಿಸುತ್ತದೆ. ಇದು ಸುಮಾರು 3 ಗಂಟೆ 51 ನಿಮಿಷಕ್ಕೊಮ್ಮೆ ಬರುವ ಘಟನೆ. ದೀರ್ಘಕಾಲದ ಸರಾಸರಿ ಎರಡೂ ಸಂದರ್ಭಗಳಲ್ಲಿ ಸುಮಾರು ಶೇ. 0.2. ಸಂಪರ್ಕ ಕಡಿದಿದೆ ಎಂದು ತೀರ್ಮಾನಿಸುವ ಅವಧಿಯನ್ನು ಕೆಲವೇ ಸೆಕೆಂಡುಗಳಿಗೆ ನಿಗದಿಪಡಿಸಿದ್ದು, ಅಡ್ಡಬಂದ ಸಂಕೇತವೂ ಸಾಕಷ್ಟು ಪ್ರಬಲವಾಗಿದ್ದರೆ, ಎರಡನೆಯ ಸಂದರ್ಭದಲ್ಲಿ ಸಂಪರ್ಕ ಕಡಿದುಹೋಗುತ್ತದೆ.

ಹತ್ತು ನಿಮಿಷಗಳ ಪ್ರಯೋಗಾಲಯ ಪರೀಕ್ಷೆಯಲ್ಲಿ ಈ ಘಟನೆ ಕಾಣಿಸಿಕೊಳ್ಳುವ ಸಾಧ್ಯತೆ ಬಹಳ ಕಡಿಮೆ. 2016ರ ಬ್ಲೂಟೂತ್ 5.0 ಆವೃತ್ತಿಯಲ್ಲಿ ಎರಡನೆಯ ಆಯ್ಕೆ ವಿಧಾನವನ್ನು ಸೇರಿಸಲಾಯಿತು. ಅದರಲ್ಲಿ ಹೆಜ್ಜೆ ಸ್ಥಿರವಾಗಿರದೆ ಯಾದೃಚ್ಛಿಕವೆನಿಸುವ ಕ್ರಮದಲ್ಲಿ ಬದಲಾಗುವುದರಿಂದ ಇಂತಹ ದೀರ್ಘ ಸರಣಿಗಳು ತಪ್ಪುತ್ತವೆ.

ಮಾಪನ ವಿಧಾನಗಳು

ವರ್ಣಪಟಲ ವಿಶ್ಲೇಷಕ ಉಪಕರಣವು ಪಟ್ಟಿಯ ಒಂದು ಅಂಚಿನಿಂದ ಇನ್ನೊಂದಕ್ಕೆ ಕ್ರಮವಾಗಿ ಸರಿಯುತ್ತ ಶಕ್ತಿಯನ್ನು ಅಳೆಯುತ್ತದೆ. ಜಿಗಿಯುವ ಸಂಕೇತವು ಒಂದು ಚಾನೆಲ್ಲಿನಲ್ಲಿ ಮಿಲಿಸೆಕೆಂಡಿಗಿಂತ ಕಡಿಮೆ ಕಾಲ ಇರಬಹುದಾದ್ದರಿಂದ, ಉಪಕರಣ ಅಲ್ಲಿಗೆ ಬರುವಷ್ಟರಲ್ಲಿ ಅದು ಬೇರೆಡೆಗೆ ಹೋಗಿರುತ್ತದೆ. ಗರಿಷ್ಠ ಬೆಲೆಯನ್ನು ಹಿಡಿದಿಡುವ ಕ್ರಮದಲ್ಲಿ ಬಹಳ ಹೊತ್ತು ಅಳೆದರೆ ಬಳಕೆಯಾದ ಚಾನೆಲ್‌ಗಳು ತಿಳಿಯುತ್ತವೆ, ಎಷ್ಟು ಕಾಲ ಬಳಕೆಯಾದವು ಎಂಬುದು ತಿಳಿಯುವುದಿಲ್ಲ. ಇದಕ್ಕಾಗಿ ಇಡೀ ಪಟ್ಟಿಯನ್ನು ಏಕಕಾಲದಲ್ಲಿ ದಾಖಲಿಸುವ ನೈಜಕಾಲದ ವಿಶ್ಲೇಷಕಗಳನ್ನು ಬಳಸಲಾಗುತ್ತದೆ.

ಸಾಧನದ ತಾಳಿಕೆಯನ್ನು ಅಳೆಯಲು ಅಮೆರಿಕದ ಸಿ63.27 ಮಾನದಂಡವು ನಾಲ್ಕು ಬಗೆಯ ಏರ್ಪಾಡುಗಳನ್ನು ವಿವರಿಸುತ್ತದೆ. ಆಂಟೆನಾಗಳನ್ನು ತೆಗೆದು ಕೇಬಲ್ ಮೂಲಕ ಸಂಕೇತಗಳನ್ನು ಬೆರೆಸುವುದು ಮೊದಲನೆಯದು. ಇದರ ಫಲಿತಾಂಶವನ್ನು ನಿಖರವಾಗಿ ಪುನರಾವರ್ತಿಸಬಹುದು, ಆದರೆ ಆಂಟೆನಾ ಮತ್ತು ದೇಹದ ಪ್ರಭಾವ ಇದರಲ್ಲಿ ಬಿಟ್ಟುಹೋಗುತ್ತದೆ. ಪರಸ್ಪರ ಜೋಡಿಸಿದ ಹಲವು ಕೋಶಗಳಲ್ಲಿ ಸಾಧನಗಳನ್ನು ಬೇರೆಬೇರೆಯಾಗಿ ಇರಿಸುವುದು ಎರಡನೆಯದು, ಪ್ರತಿಧ್ವನಿರಹಿತ ಕೋಣೆಯಲ್ಲಿ ಅಳೆಯುವುದು ಮೂರನೆಯದು, ತೆರೆದ ವಾತಾವರಣದಲ್ಲಿ ಅಳೆಯುವುದು ನಾಲ್ಕನೆಯದು. ಕೊನೆಯದು ವಾಸ್ತವಕ್ಕೆ ಹತ್ತಿರ, ಆದರೆ ಅದರ ಫಲಿತಾಂಶ ದಿನದಿಂದ ದಿನಕ್ಕೆ ಬದಲಾಗಬಲ್ಲದು.

ಪ್ಯಾಕೆಟ್‌ಗಳ ಸಂಖ್ಯೆಯೂ ಮುಖ್ಯ. ಶೇ. 1ರಷ್ಟಿರುವ ನಷ್ಟವನ್ನು ಅದರ ಹತ್ತನೇ ಒಂದು ಭಾಗದಷ್ಟು ಅನಿಶ್ಚಿತತೆಯೊಳಗೆ ಅಳೆಯಲು ಸುಮಾರು 10,000 ಪ್ಯಾಕೆಟ್‌ಗಳು ಬೇಕು. ನಷ್ಟವು ಸರಣಿಯಾಗಿ ಬರುವಂಥದ್ದಾದರೆ ಇನ್ನೂ ಹೆಚ್ಚು ಬೇಕಾಗುತ್ತದೆ.

ಹೊಂದಾಣಿಕೆಯ ಜಿಗಿತ ಮತ್ತು ಅದರ ಮಿತಿ

ಬ್ಲೂಟೂತ್ ಸಾಧನಗಳು ಅಡಚಣೆಯನ್ನು ತಾವೂ ಅಳೆಯುತ್ತವೆ. 2003ರ 1.2 ಆವೃತ್ತಿಯಲ್ಲಿ ಬಂದ ಹೊಂದಾಣಿಕೆಯ ಜಿಗಿತದಲ್ಲಿ, ಕೆಟ್ಟವೆಂದು ಕಂಡ ಚಾನೆಲ್‌ಗಳನ್ನು ಬಿಟ್ಟು ಉಳಿದವುಗಳಲ್ಲಿ ಮಾತ್ರ ಜಿಗಿಯಲಾಗುತ್ತದೆ. ಮೂಲ ಬ್ಲೂಟೂತ್‌ನಲ್ಲಿ ಕನಿಷ್ಠ 20 ಚಾನೆಲ್‌ಗಳು ಬಳಕೆಯಲ್ಲಿರಲೇಬೇಕು. ಒಂದು ವೈ-ಫೈ ಜಾಲವು 79ರಲ್ಲಿ ಸುಮಾರು 20 ಚಾನೆಲ್‌ಗಳನ್ನು ಆವರಿಸುವುದರಿಂದ ಅದನ್ನು ತಪ್ಪಿಸಿಕೊಳ್ಳಲು ಈ ವಿಧಾನ ಬಹಳ ಪರಿಣಾಮಕಾರಿ.

ಆದರೆ 1, 6 ಮತ್ತು 11ನೇ ಚಾನೆಲ್‌ಗಳಲ್ಲಿ ಮೂರು ವೈ-ಫೈ ಜಾಲಗಳು ತುಂಬಿರುವ ಕಟ್ಟಡದಲ್ಲಿ ಎಲ್ಲ ಬ್ಲೂಟೂತ್ ಸಾಧನಗಳೂ ಉಳಿದ ಅದೇ ಸುಮಾರು 20 ಚಾನೆಲ್‌ಗಳಿಗೆ ಒತ್ತೊತ್ತಾಗಿ ಸೇರುತ್ತವೆ. ಆಗ ಮೇಲಿನ ಲೆಕ್ಕದಂತೆಯೇ 10 ಪಿಕೋನೆಟ್‌ಗಳ ಡಿಕ್ಕಿಯ ಪ್ರಮಾಣವು ಶೇ. 20ರಿಂದ ಶೇ. 60ಕ್ಕೆ ಏರಬಹುದು. ಪ್ರತಿಯೊಂದು ಸಾಧನವೂ ತನಗೆ ಒಳಿತೆನಿಸಿದ ನಿರ್ಧಾರವನ್ನೇ ಕೈಗೊಂಡರೂ ಒಟ್ಟು ಪರಿಣಾಮ ಎಲ್ಲರಿಗೂ ಪ್ರತಿಕೂಲವಾಗುವ ಸಂದರ್ಭವಿದು. ಒಂದೇ ಸಾಧನವನ್ನು ಒಂದೇ ವೈ-ಫೈ ಜಾಲದ ಎದುರು ಪರೀಕ್ಷಿಸಿದಾಗ ಇದು ಗೋಚರಿಸುವುದಿಲ್ಲ.

ಮಾಪನದ ಸ್ಥಳವೂ ಫಲಿತಾಂಶವನ್ನು ಬದಲಿಸುತ್ತದೆ. ಫೋನಿನ ಬಳಿ ಶುದ್ಧವಾಗಿ ಕಾಣುವ ಚಾನೆಲ್ ಸಂವೇದಕದ ಬಳಿ ಗದ್ದಲದಿಂದ ಕೂಡಿರಬಹುದು. ಕಡಿಮೆ ಶಕ್ತಿಯ ಬ್ಲೂಟೂತ್‌ನಲ್ಲಿ ಸಂವೇದಕದಂತಹ ಅಧೀನ ಸಾಧನವು ತಾನು ಕಂಡ ಚಾನೆಲ್‌ಗಳ ಸ್ಥಿತಿಯನ್ನು ಫೋನಿಗೆ ವರದಿ ಮಾಡುವ ಸೌಲಭ್ಯ ಬಂದುದು 2021ರ 5.3 ಆವೃತ್ತಿಯಲ್ಲಿ. ಇನ್ನು ಕೆಲವು ಅಡಚಣೆಗಳು ರೇಡಿಯೊ ಸಾಧನಗಳಿಂದ ಬರುವುದೇ ಇಲ್ಲ. ಯುಎಸ್‌ಬಿ 3.0 ಕೇಬಲ್ ಮತ್ತು ಸಂಪರ್ಕ ಬಿಂದುಗಳಿಂದ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲಿ ಗದ್ದಲ ಹೊಮ್ಮುತ್ತದೆ ಎಂಬುದನ್ನು ಇಂಟೆಲ್ ಸಂಸ್ಥೆ 2012ರ ವರದಿಯಲ್ಲಿ ದಾಖಲಿಸಿದೆ. ಈ ಗದ್ದಲವು ಪಟ್ಟಿಯುದ್ದಕ್ಕೂ ಹರಡಿರುವುದರಿಂದ ಜಿಗಿತದಿಂದ ಅದನ್ನು ತಪ್ಪಿಸಿಕೊಳ್ಳಲಾಗದು.

ವೈದ್ಯಕೀಯ ಸಾಧನಗಳು

ಹಾಡು ಒಂದು ಕ್ಷಣ ನಿಂತರೆ ಆಗುವುದು ಕಿರಿಕಿರಿ ಮಾತ್ರ. ಸತತ ಗ್ಲೂಕೋಸ್ ಮಾಪಕ ಅಥವಾ ಇನ್ಸುಲಿನ್ ಪಂಪ್‌ನ ಎಚ್ಚರಿಕೆಯ ಸಂಕೇತ ತಲುಪದಿದ್ದರೆ ರೋಗಿಗೆ ಅಪಾಯವಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ವೈದ್ಯಕೀಯ ಸಾಧನಗಳಲ್ಲಿನ ನಿಸ್ತಂತು ತಂತ್ರಜ್ಞಾನದ ಕುರಿತು 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಇತರ ಸಾಧನಗಳ ನಡುವೆ ಸಹಬಾಳ್ವೆಯ ಪರೀಕ್ಷೆಯನ್ನೂ ನಡೆಸುವಂತೆ ಸೂಚಿಸಿತು. 2017ರಲ್ಲಿ ಪ್ರಕಟವಾಗಿ 2021ರಲ್ಲಿ ಪರಿಷ್ಕೃತವಾದ ಸಿ63.27 ಮಾನದಂಡವು ಅಪಾಯದ ಮಟ್ಟಕ್ಕೆ ತಕ್ಕಂತೆ ಪರೀಕ್ಷೆಯ ಕಠಿಣತೆಯನ್ನು ಮೂರು ಶ್ರೇಣಿಗಳಲ್ಲಿ ವಿಂಗಡಿಸುತ್ತದೆ.

ಈ ಕ್ರಮದಲ್ಲಿ ಮಾಪನದ ಪ್ರಶ್ನೆಯೇ ಬದಲಾಗಿದೆ. ಎಷ್ಟು ಪ್ಯಾಕೆಟ್‌ಗಳು ಕೆಟ್ಟವು ಎಂಬುದಕ್ಕಿಂತ, ಸಾಧನವು ಮಾಡಲೇಬೇಕಾದ ಕಾರ್ಯವು ನಿಗದಿತ ಕಾಲದೊಳಗೆ ನೆರವೇರಿತೇ ಎಂಬುದನ್ನು ಮೊದಲು ಪರಿಶೀಲಿಸಲಾಗುತ್ತದೆ. ಐದು ನಿಮಿಷಕ್ಕೊಮ್ಮೆ ಅಂಕಿ ಕಳುಹಿಸುವ ಸಂವೇದಕವು ಅರ್ಧದಷ್ಟು ಪ್ಯಾಕೆಟ್‌ಗಳನ್ನು ಕಳೆದುಕೊಂಡೂ ತನ್ನ ಕೆಲಸವನ್ನು ಪೂರೈಸಬಹುದು. ತಕ್ಷಣ ಪ್ರತಿಕ್ರಿಯಿಸಬೇಕಾದ ಸಾಧನಕ್ಕೆ ಶೇ. 1ರ ನಷ್ಟವೂ ಹೆಚ್ಚಾಗಬಹುದು.

ನಿಯಮಗಳು ಮತ್ತು ಇತ್ತೀಚಿನ ಬೆಳವಣಿಗೆಗಳು

ಪರವಾನಗಿ ಬೇಕಿಲ್ಲದ ಪಟ್ಟಿಯ ನಿಯಮಗಳು ಬಹುಮಟ್ಟಿಗೆ ಒಂದು ಸಾಧನವು ಹೊರಸೂಸುವ ಶಕ್ತಿಯನ್ನು ಅಳೆಯುತ್ತವೆ. ಅಮೆರಿಕದ ನಿಯಮದಂತೆ 2.4 ಗಿಗಾಹರ್ಟ್ಜ್‌ನ ಜಿಗಿತದ ವ್ಯವಸ್ಥೆಯು ಕನಿಷ್ಠ 15 ಚಾನೆಲ್‌ಗಳನ್ನು ಬಳಸಬೇಕು. ಚಾನೆಲ್‌ಗಳ ಸಂಖ್ಯೆಯನ್ನು 0.4 ಸೆಕೆಂಡಿನಿಂದ ಗುಣಿಸಿದಾಗ ಬರುವ ಅವಧಿಯಲ್ಲಿ ಯಾವುದೇ ಚಾನೆಲ್ಲಿನಲ್ಲಿ ಸರಾಸರಿ 0.4 ಸೆಕೆಂಡಿಗಿಂತ ಹೆಚ್ಚು ಕಾಲ ಉಳಿಯಬಾರದು. ಭಾರತದ 2005ರ ನಿಯಮಗಳು ಹೊರಸೂಸುವ ಪರಿಣಾಮಕಾರಿ ಶಕ್ತಿಯನ್ನು 4 ವ್ಯಾಟ್‌ಗೆ ಮಿತಿಗೊಳಿಸಿವೆ. ಇಂತಹ ಮಿತಿಗಳು ಒಂದು ಸಾಧನದ ನಡವಳಿಕೆಯನ್ನು ನಿಯಂತ್ರಿಸುತ್ತವೆ. ಒಂದು ಕೋಣೆಯಲ್ಲಿ ಎಷ್ಟು ಸಾಧನಗಳಿರಬಹುದು ಎಂಬುದನ್ನು ಹೇಳುವುದಿಲ್ಲ.

2.4 ಗಿಗಾಹರ್ಟ್ಜ್‌ನ ದಟ್ಟಣೆಯಿಂದಾಗಿ ಗಮನ 6 ಗಿಗಾಹರ್ಟ್ಜ್ ಪಟ್ಟಿಯತ್ತ ಹೊರಳಿದೆ. ಅಮೆರಿಕ 2020ರ ಏಪ್ರಿಲ್‌ನಲ್ಲಿ ಅಲ್ಲಿನ 1200 ಮೆಗಾಹರ್ಟ್ಜ್ ಪಟ್ಟಿಯನ್ನು ಪರವಾನಗಿರಹಿತ ಬಳಕೆಗೆ ತೆರೆಯಿತು. ಯುರೋಪಿಯನ್ ಒಕ್ಕೂಟ 2021ರಲ್ಲಿ 5945ರಿಂದ 6425 ಮೆಗಾಹರ್ಟ್ಜ್‌ವರೆಗಿನ ಭಾಗವನ್ನು ತೆರೆಯಿತು. ಭಾರತದ ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಲ್ಲಿ 5925ರಿಂದ 6425 ಮೆಗಾಹರ್ಟ್ಜ್‌ವರೆಗಿನ ಭಾಗಕ್ಕೆ ಕರಡು ನಿಯಮಗಳನ್ನು ಪ್ರಕಟಿಸಿತು. ಒಳಾಂಗಣ ಸಾಧನಗಳಿಗೆ 30 ಡಿಬಿಎಂ ಮತ್ತು ಹೊರಾಂಗಣದಲ್ಲಿಯೂ ಬಳಸಬಹುದಾದ ಅತಿ ಕಡಿಮೆ ಶಕ್ತಿಯ ಸಾಧನಗಳಿಗೆ 14 ಡಿಬಿಎಂ ಮಿತಿಯನ್ನು ಅದರಲ್ಲಿ ಪ್ರಸ್ತಾಪಿಸಲಾಗಿತ್ತು. ಬ್ಲೂಟೂತ್ ಒಕ್ಕೂಟವೂ 6 ಗಿಗಾಹರ್ಟ್ಜ್‌ನಂತಹ ಮೇಲಿನ ಪಟ್ಟಿಗಳಿಗೆ ವಿಸ್ತರಿಸುವ ಕಾರ್ಯವನ್ನು 2022ರಲ್ಲಿ ಘೋಷಿಸಿತು.

ಜಿಗಿತದ ಮಾಪನಕ್ಕೆ ಯುರೋಪಿನ ನಿಯಮದಲ್ಲಿರುವ ಒಂದು ಅಂಶ ಮುಖ್ಯವಾದುದು. ಅಲ್ಲಿ ಅತಿ ಕಡಿಮೆ ಶಕ್ತಿಯ ಸಾಧನಕ್ಕೆ ಪ್ರತಿ ಮೆಗಾಹರ್ಟ್ಜ್‌ಗೆ 1 ಡಿಬಿಎಂ ಮಿತಿಯಿದೆ. ಆದರೆ ಕಿರುಪಟ್ಟಿಯ ಸಾಧನವು ಕನಿಷ್ಠ 15 ಚಾನೆಲ್‌ಗಳಲ್ಲಿ ಜಿಗಿಯುವುದಾದರೆ 10 ಡಿಬಿಎಂವರೆಗೆ, ಅಂದರೆ ಸುಮಾರು 8 ಪಟ್ಟು ಹೆಚ್ಚಿನ ಸಾಂದ್ರತೆಗೆ ಅವಕಾಶವಿದೆ. ಯಾವುದೇ ಒಂದು ಚಾನೆಲ್ಲಿನ ಮೇಲೆ ಬೀಳುವ ಸರಾಸರಿ ಭಾರ ಜಿಗಿತದಿಂದ ಕಡಿಮೆಯಾಗುತ್ತದೆ ಎಂಬ ಎಣಿಕೆಯೊಡನೆ ಈ ರಿಯಾಯಿತಿ ಹೊಂದಿಕೊಳ್ಳುತ್ತದೆ. ಸರಾಸರಿಯ ದೃಷ್ಟಿಯಿಂದ ಇದು ಸಮಂಜಸ. ಆದರೆ ಪಕ್ಕದಲ್ಲಿರುವ ರಿಸೀವರ್ ಎದುರಿಸುವುದು ಸರಾಸರಿ ಶಕ್ತಿಯನ್ನಲ್ಲ, ಜಿಗಿತವು ತನ್ನ ಚಾನೆಲ್ಲಿಗೆ ಬಂದ ಕ್ಷಣದ ಪೂರ್ಣ ಶಕ್ತಿಯನ್ನು.

ಮೇಲಿನ ಲೆಕ್ಕಗಳನ್ನು ಗಮನಿಸಿದರೆ, ಹೊಸ ಪಟ್ಟಿಯಲ್ಲಿ ಸಾಧನಗಳು ವಿರಳವಾಗಿರುವ ಆರಂಭದ ವರ್ಷಗಳ ಮಾಪನಗಳು ಉತ್ತಮ ಫಲಿತಾಂಶ ನೀಡುವುದು ಸಹಜ. ಪಟ್ಟಿಯು ತುಂಬಿದ ಮೇಲಿನ ಸ್ಥಿತಿಯನ್ನು ಅವುಗಳಿಂದ ಊಹಿಸಲಾಗದು. ಡಿಕ್ಕಿಯ ಪ್ರಮಾಣವು ಸಾಧನಗಳ ಸಂಖ್ಯೆ, ಲಭ್ಯ ಚಾನೆಲ್‌ಗಳು ಮತ್ತು ಪ್ರಸಾರದ ಕಾಲ ಈ ಮೂರನ್ನೂ ಅವಲಂಬಿಸಿರುವುದರಿಂದ, ಮೂರನ್ನೂ ನಮೂದಿಸದ ಯಾವುದೇ ಮಾಪನವನ್ನು ಬೇರೊಂದು ಸನ್ನಿವೇಶಕ್ಕೆ ಅನ್ವಯಿಸುವುದು ಸರಿಯಾಗದು. ಇದರ ಜೊತೆಗೆ ಅತಿ ದೀರ್ಘ ನಷ್ಟದ ಸರಣಿಯನ್ನೂ ಪರೀಕ್ಷೆ ನಡೆದ ಅವಧಿಯನ್ನೂ ದಾಖಲಿಸಿದಾಗ ಮಾತ್ರ ಸಾಧನವು ಜನಸಂದಣಿಯ ನಡುವೆ ನಂಬಿಕೆಗೆ ಅರ್ಹವೇ ಎಂಬುದನ್ನು ನಿರ್ಧರಿಸಬಹುದು.